ಅತ್ತೆ ಸರ್ಕಾರಕ್ಕೆ ಕೈಗಡ ಕೊಟ್ಟಿದ್ದು

ನಮ್ಮ ಚಳ್ಳಕೆರೆ ಕಡೆ ಮೂರು ಜನ ಸೇರಿದರೆ ಒಂದು ಹರಾಜು ಶುರುವಾಗುತ್ತೆ. ಅದಕ್ಕೇ ಏನೋ, ನನ್ನ ಅಂಗಡಿಗೆ ಇಂಥ ಪ್ರಸಂಗಗಳು ಹೇಳದೆ ಕೇಳದೆ ಬರ್ತಾನೇ ಇರ್ತವೆ. ಶೇಂಗಾ ಹರಾಜು, ಕುರಿ ಹರಾಜು, ಚೀಟಿ ಹರಾಜು, ಕೊನೆಗೆ ಗಣಪತಿ ಬಿಡೋ ದಿನ ಅವನ ಕೊರಳ ಹಾರಕ್ಕೂ ಹರಾಜು. ನಂದು ಜೆರಾಕ್ಸು, ಕರೆಂಟ್ ಬಿಲ್ಲು, ಅರ್ಜಿ ತುಂಬೋ ಸಣ್ಣ ಕಂಪ್ಯೂಟರ್ ಅಂಗಡಿ. ಈಚೆಗೆ ಸರ್ಕಾರ ತನ್ನ ಸಾಲದ ಹರಾಜನ್ನೂ ನಮ್ಮಂಥೋರ ಮೊಬೈಲಿಗೆ ತಂದಿಟ್ಟಿದೆ. ಸುಮ್ಮನೆ ಇರಲಾರದೆ ಅದನ್ನೂ ಕಲಿತೆ. ಮುಂದಿನ ಕಥೆಗೆಲ್ಲ ಅದೇ ಕಾರಣ.

೧. ಮೈದುನನಿಗೆ ಸಿಗದ ಜಾಗ

ಮೊಳಕಾಲ್ಮೂರಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ಮನೆ ತುಂಬಾ ಮಗ್ಗ, ಬಾಯಿ ತುಂಬಾ ತೆಲುಗು, ಕೋಪ ಬಂದಾಗ ಮಾತ್ರ ಅಚ್ಚ ಕನ್ನಡ. ಅವಳಿಗೆ ಒಂದೇ ಆಸೆ: ಮಗ್ಗದ ನೆತ್ತಿಗೆ ಒಂದು ಜಕಾರ್ಡ್ ಮಿಷನ್ ಕೂರಿಸಬೇಕು, ಸೆರಗಿನಲ್ಲಿ ಬೇಕಾದ ಚಿತ್ತಾರ ತೆಗೀಬೇಕು. ಎರಡು ಸಲ ದುಡ್ಡು ಕೂಡಿಟ್ಟಳು. ಎರಡು ಸಲವೂ ಅವಳ ಮೈದುನ ನುಂಗಿದ. ಈ ಮೈದುನನ್ನ ನಾನು ಚಿಕ್ಕ ಮಾವ ಅಂತೀನಿ. ಮಗ್ಗ ಬಿಟ್ಟು ದಲ್ಲಾಳಿಕೆ ಹಿಡಿದ ಆಸಾಮಿ. ಮೊದಲನೇ ದುಡ್ಡು ಕುರಿ ವ್ಯಾಪಾರಕ್ಕೆ ಹೋಯ್ತು, ಎರಡನೇದು ಹಳೇ ಟೆಂಪೋಗೆ. ಕುರಿಯೂ ಉಳಿಲಿಲ್ಲ, ಟೆಂಪೋನೂ ಉಳಿಲಿಲ್ಲ. ಉಳಿದೋನು ಚಿಕ್ಕ ಮಾವ ಒಬ್ಬನೇ.

ಅತ್ತೆಯ ಗಂಡ, ಅಂದ್ರೆ ನಮ್ಮ ದೊಡ್ಡ ಮಾವ, ದೇವರಂಥ ಮನುಷ್ಯ. ತಮ್ಮ ಕೇಳಿದರೆ ಇಲ್ಲ ಅನ್ನೋ ಪದ ಅವರ ಬಾಯಲ್ಲಿ ಹುಟ್ಟಿದ್ದೇ ಇಲ್ಲ.

ಮೂರನೇ ಸಲ ದುಡ್ಡು ಕೂಡಿದಾಗ ಅತ್ತೆ ಬಿ.ಜಿ. ಕೆರೆ, ತಳಕು ಎಲ್ಲಾ ದಾಟಿಕೊಂಡು ಬಸ್ಸಲ್ಲಿ ನೇರ ನನ್ನ ಅಂಗಡಿಗೇ ಬಂದಳು.

"ಒರೇ ಅಬ್ಬಾಯಿ, ಮಿಷನ್ನೋನು ಮೂರು ತಿಂಗಳಾಗ್ತೈತೆ ಅಂತಾನೆ. ಅಲ್ಲೀತನಕ ನಮ್ಮ ಮೈದುನನ ಕೈಗೆ ಸಿಗದ ಜಾಗ ಹೇಳು."

"ಬ್ಯಾಂಕಲ್ಲಿ ಇಡತ್ತೆ."

"ಖಾತೆ ನಂದೂ ನಿಮ್ಮ ಮಾವಂದೂ ಜಂಟೀದು. ಅಣ್ಣನ ಹೆಗಲ ಮೇಲೆ ಕೈ ಹಾಕ್ಕಂಡು ಕೌಂಟರ್‌ತಂಕ ಕರ್ಕಂಡು ಹೋಗ್ತಾನೆ."

ಆಗ ನಾನು ಸರ್ಕಾರದ ಖಜಾನೆ ಹುಂಡಿ ವಿಷಯ ಎತ್ತಿದೆ. ತೆರಿಗೆ ದುಡ್ಡು ಕೈಗೆ ಬರೋದು ಒಂದು ಕಾಲ, ಖರ್ಚು ಬರೋದು ಇನ್ನೊಂದು ಕಾಲ. ನಡುವೆ ಸರ್ಕಾರಕ್ಕೆ ಕೈ ಸಾಲದಾದಾಗ ಪ್ರತಿ ವಾರ ಹರಾಜಲ್ಲಿ ಚೂರು ದಿನದ ಸಾಲ ಎತ್ತುತ್ತೆ. ನೂರು ರೂಪಾಯಿ ಹುಂಡೀನ ನೂರಕ್ಕಿಂತ ಕಮ್ಮಿಗೆ ಮಾರುತ್ತೆ, ತೊಂಬತ್ತೊಂದು ದಿನಕ್ಕೆ ಪೂರಾ ನೂರು ವಾಪಸ್ ಕೊಡುತ್ತೆ. ಬಡ್ಡಿ ಅಂತ ಬೇರೆ ಇಲ್ಲ, ನಡುವಿನ ವ್ಯತ್ಯಾಸವೇ ನಮ್ಮ ಲಾಭ. ಮಧ್ಯದಲ್ಲೇ ಮಾರೋಕೂ ಒಂದು ದಾರಿ ಇದೆ. ಅದನ್ನ ಮಾತ್ರ ಬೇಕಂತಲೇ ನುಂಗಿಕೊಂಡೆ.

ಅತ್ತೆ ಕೆನ್ನೆ ಮೇಲೆ ಕೈಯಿಟ್ಟುಕೊಂಡಳು. "ಇದು ನಮ್ಮ ಚೀಟಿ ಹರಾಜೇ ಅಲ್ಲೇನೋ! ಕಷ್ಟ ಇದ್ದೋನು ಕಮ್ಮಿಗೆ ಎತ್ಕಳ್ಳೋದು. ಪಾಪ, ಸರ್ಕಾರ ಅಷ್ಟು ಕಷ್ಟದಾಗೈತಾ? ಥೇಟ್ ನಮ್ಮ ಮೈದುನನಂಗೇ ಅನ್ನು."

"ಇಲ್ಲತ್ತೆ, ಇದು ಹೇಳಿದ ದಿನಕ್ಕೆ ವಾಪಸ್ ಕೊಡುತ್ತೆ."

"ಹಂಗಾದ್ರೆ ಮೈದುನನಂಗಲ್ಲ ಬಿಡು," ಅಂತ ಸೆರಗಿನ ಗಂಟು ಬಿಚ್ಚಿ ಬ್ಯಾಂಕ್ ಪುಸ್ತಕ ಹೊರಗೆ ತೆಗೆದಳು.

೨. ಹರಾಜಿನ ದಿನದ ರೇಷ್ಮೆ ಸೀರೆ

ಹೆಸರು ಹಾಕಿದ್ದೂ ಆಯ್ತು, ದುಡ್ಡು ಕಳಿಸಿದ್ದೂ ಆಯ್ತು. ಬುಧವಾರ ಹರಾಜು, ನೀನು ಬರೋದೇನೂ ಬೇಡ ಅಂತ ಬಾರಿ ಬಾರಿ ಹೇಳಿದ್ದೆ. ಬುಧವಾರ ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು. ತಾನೇ ನೇಯ್ದ ರೇಷ್ಮೆ ಸೀರೆ, ಮುಡಿ ತುಂಬಾ ಕನಕಾಂಬರ, ಚೀಲದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ.

"ಕೂಗೋರು ಎಲ್ಲವ್ರೆ?" ಅಂತ ಒಳಗೆಲ್ಲ ಹುಡುಕಿದಳು.

"ಎಲ್ಲಾ ಇದರಲ್ಲೇ ಅತ್ತೆ," ಅಂತ ಕಂಪ್ಯೂಟರ್ ತೋರಿಸಿದೆ.

"ಚಾ ಮಂಡಕ್ಕಿನೂ ಕೊಡಲ್ವಾ? ಚೀಟಿ ನಡ್ಸೋ ನಮ್ಮ ಓಣಿ ಮುದುಕಿನೇ ಮಿರ್ಚಿ ಕೊಡ್ತಾಳೆ." ಆಮೇಲೆ ದನಿ ತಗ್ಗಿಸಿ, "ನಾವು ಎಷ್ಟಕ್ಕೆ ಕೂಗಿದೀವಿ?" ಅಂದಳು.

"ನಮ್ಮಂಥ ಸಣ್ಣೋರು ಕೂಗಂಗಿಲ್ಲ. ದೊಡ್ಡ ದೊಡ್ಡ ಬ್ಯಾಂಕಿನೋರು ಒಬ್ಬರಿಗೊಬ್ಬರು ಕಾಣದ ಹಾಗೆ ರೇಟು ಬರೀತಾರೆ. ಗೆದ್ದೋರ ರೇಟಿನ ಸರಾಸರಿ ಏನು ಬೀಳುತ್ತೋ, ಅದೇ ರೇಟಿಗೆ ನಮಗೂ ಕೊಡ್ತಾರೆ."

ಅತ್ತೆ ಮುಖ ಅರಳಿತು. "ಓ, ಗೊತ್ತಾತು! ನಾನು ಪಾತ್ರೆ ಅಂಗಡೀಲಿ ಮಾಡಾದೂ ಇದೇ. ಜಗಳಗಂಟಿ ಒಬ್ಬಳು ಗಂಟ್ಲು ಹರ್ಕಂಡು ಚೌಕಾಶಿ ಮಾಡೋತಂಕ ಹಿಂದೆ ಸುಮ್ನೆ ನಿಂತಿರ್ತೀನಿ. ಆದ್ಮೇಲೆ 'ಅಣ್ಣಾ, ನಂಗೂ ಅದೇ ರೇಟಿಗೆ ಕೊಡು' ಅಂತೀನಿ."

ನಾನು ಕಲಿಯೋಕೆ ಎರಡು ವಾರ ತಗೊಂಡಿದ್ದನ್ನ ಪಾತ್ರೆ ಅಂಗಡಿಯಲ್ಲಿ ಮುಗಿಸಿಬಿಟ್ಟಳು. ಮಧ್ಯಾಹ್ನ ರೇಟು ಗೊತ್ತಾಯ್ತು. ಕಟ್ಟಿದ್ದರಲ್ಲಿ ಹೆಚ್ಚಾಗಿದ್ದು ಖಾತೆಗೆ ವಾಪಸ್ ಬಂತು. ಅತ್ತೆ ಮೆಸೇಜು ಓದಿಸಿಕೊಂಡು ದಂಗಾದಳು. "ಚಿಲ್ರೆ ವಾಪಸ್ ಕೊಟ್ರಾ! ಬಸ್ಸಿನೋನು ಹೋದ ಯುಗಾದೀದೇ ಇನ್ನೂ ಕೊಟ್ಟಿಲ್ವಲ್ಲೋ!"

ಹೊರಡುವಾಗ ತೆಂಗಿನಕಾಯಿ, ಎಲೆ ಅಡಿಕೆ ಎಲ್ಲಾ ನನ್ನ ಪ್ರಿಂಟರ್ ಮೇಲೆ ಇಟ್ಟಳು. "ನಂಗ್ಯಾಕತ್ತೆ?" ಅಂದೆ.

"ನಿಂಗಲ್ಲ ಕಣೋ. ನಮ್ ಪರವಾಗಿ ಜಗಳ ಆಡಿದ ಬ್ಯಾಂಕಿನೋರಿಗೆ."

೩. ಸಾಲ ಕೊಟ್ಟೋರ ಗತ್ತು

ವಾರದೊಳಗೆ ಚಿಕ್ಕ ಮಾವ ವಾಸನೆ ಹಿಡಿದು ಬಂದ. "ವದಿನಾ, ಒಂದು ಒಳ್ಳೇ ಸೈಟು ಬಂದೈತೆ" ಅಂತ ಅತ್ತಿಗೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತ.

ಅತ್ತೆ ಮಗ್ಗದಿಂದ ಕಣ್ಣು ಎತ್ತಲಿಲ್ಲ. "ದುಡ್ಡಿಲ್ಲಪ್ಪ. ಸರ್ಕಾರ ಕಷ್ಟ ಅಂತ ಕೇಳ್ತು. ಕೈಗಡ ಕೊಟ್ಬಿಟ್ಟೆ."

ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಹಬ್ಬಿತು. ಸಾಲ ಕೊಟ್ಟ ಮೇಲೆ ಸಾಲಗಾರನ ಮೇಲೆ ಒಂದು ಕಣ್ಣು ಇಡಬೇಕಲ್ಲ. ಅತ್ತೆ ಅವತ್ತಿನಿಂದ ಸರ್ಕಾರದ ಖರ್ಚಿನ ಮೇಲೆ ಕಣ್ಣಿಟ್ಟಳು. ಹಗಲು ಹೊತ್ತು ಬೀದಿ ದೀಪ ಉರಿದರೆ ಲೈನ್‌ಮನ್‌ನ ನಿಲ್ಲಿಸಿ, "ಯಾರ ದುಡ್ಡು ಅಂತ ಉರಿಸ್ತೀಯಪ್ಪ? ಆರ್ಸು!" ಅನ್ನೋಳು. ಹೊಸ ಜೀಪು ಧೂಳೆಬ್ಬಿಸಿಕೊಂಡು ಹೋದರೆ, "ಸಾಲ ಮಾಡಿ ಜೀಪು ತಗಂಡವ್ರೆ ನೋಡು, ದುಂದುಗಾರ್ರು!" ಅನ್ನೋಳು. ನೀರು ಬಿಡೋನು ತಡ ಮಾಡಿದ ದಿನ ಅವನ ಮುಂದೆ ಕೊಡ ಕುಕ್ಕಿ, "ನಾನು ಮನಸ್ಸು ಮಾಡಿದ್ರೆ ಮುಂದಿನ ವಾರ ಕೊಡಾಕಿಲ್ಲ" ಅಂದಳಂತೆ. ಅವನಿಗೆ ಏನೂ ಅರ್ಥ ಆಗಲಿಲ್ಲ. ಆದರೂ ಮಾರನೇ ದಿನದಿಂದ ಆ ಓಣಿಗೆ ನೀರು ಮೊದಲು ಬರೋಕೆ ಶುರುವಾಯ್ತು.

ಒಂದಿನ ನನಗೇ ಫೋನು ಬಂತು. "ಲೇ ಅಬ್ಬಾಯಿ, ನಮ್ಮ ಓಣಿಯೋರು ಒಂದು ಮಾತು ಕೇಳ್ತಾವ್ರೆ. ಲಾಭದ ದುಡ್ಡು ಬ್ಯಾಡ, ಅದರ ಬದ್ಲು ಇಲ್ಲಿ ಚರಂಡಿಗೆ ನಾಕು ಚಪ್ಪಡಿ ಹಾಕಿಸ್ತಾರೇನೋ ವಿಚಾರ್ಸು."

೪. ಟವಲ್ಲಿನ ಕೆಳಗೆ

ಚಿಕ್ಕ ಮಾವ ಅಷ್ಟಕ್ಕೇ ಬಿಡೋ ಪೈಕಿ ಅಲ್ಲ. ಕುರಿ ಸಂತೆ ದಿನ ಚಳ್ಳಕೆರೆಗೆ ಬಂದೋನು ಹೆಗಲ ಮೇಲಿನ ಟವಲ್ಲು ಸರಿಮಾಡಿಕೊಳ್ತಾ ನನ್ನ ಅಂಗಡಿಗೆ ಬಂದ.

ಕುರಿ ದಲ್ಲಾಳಿಗಳ ಪದ್ಧತಿ ಗೊತ್ತಲ್ಲ. ರೇಟನ್ನ ಬಾಯಲ್ಲಿ ಹೇಳೋದಿಲ್ಲ. ಇಬ್ಬರ ಕೈ ಮೇಲೂ ಟವಲ್ಲು ಮುಚ್ಚಿ, ಒಳಗೆ ಬೆರಳು ಹಿಡಿದು ಒತ್ತೋದು. ಎಷ್ಟು ಬೆರಳು ಹಿಡಿದರೆ ಅಷ್ಟು. ಸುತ್ತ ನಿಂತೋರಿಗೆ ಮುಖ ಬಿಟ್ಟರೆ ಏನೂ ಕಾಣಂಗಿಲ್ಲ.

"ಅಳಿಯಾ, ನೀನೇ ಅಂತಲ್ಲ ಈ ಹರಾಜಿನ ದಲ್ಲಾಳಿ? ಬಾಯಿ ಬಿಡಬ್ಯಾಡ. ವದಿನ ದುಡ್ಡು ಎಷ್ಟು ತಿಂಗಳಿಗೆ ಬಿಡುಗಡೆ? ಬೆರಳಲ್ಲಿ ಹೇಳು," ಅಂತ ನನ್ನ ಕೈ ಎಳೆದು ಟವಲ್ಲು ಹೊದಿಸೇ ಬಿಟ್ಟ.

ನಾನು ಹರಿಶ್ಚಂದ್ರನ ಮೊಮ್ಮಗನ ಹಾಗೆ ತುಟಿ ಬಿಗಿ ಹಿಡಿದೆ. ಕೈ ಕಿತ್ತುಕೊಳ್ಳೋಕೆ ಹೆಣಗಿದೆ. ಹೆಬ್ಬೆರಳು ಬಿಡಿಸಿಕೊಂಡೆ, ಕಿರುಬೆರಳು ಬಿಡಿಸಿಕೊಂಡೆ. ಅಷ್ಟರಲ್ಲಿ ಹಾಳಾದ ಪ್ರಿಂಟರ್ ಕಿರುಗುಟ್ಟಿತು, ಆ ಕಡೆ ತಿರುಗಿದೆ. ಉಳಿದ ಮೂರು ಬೆರಳು ಅವನ ಮುಷ್ಟಿಯಲ್ಲೇ ಇದ್ದವು.

"ಮೂರು ತಿಂಗಳು!" ಅಂತ ಟವಲ್ಲು ಕೊಡವಿ ಎದ್ದ. "ವದಿನ ರೇಷ್ಮೆ ಸೀರೆ ಉಟ್ಟು ಬಸ್ಸು ಹತ್ತಿದ ದಿನ ನಂಗೆ ನೆಪ್ಪೈತೆ. ಅಲ್ಲಿಂದ ಎಣಿಸ್ಕಂತೀನಿ. ನಿನ್ನಂಥ ನಿಯತ್ತಿನ ದಲ್ಲಾಳಿ ಕುರಿ ಸಂತೇಲೂ ಇಲ್ಲ ಬಿಡು."

ಬಾಯಿ ಭದ್ರವಾಗಿ ಮುಚ್ಚಿಕೊಂಡೇ ಗುಟ್ಟು ಬಿಟ್ಟುಕೊಟ್ಟ ಗಂಡಸು ಈ ತಾಲ್ಲೂಕಲ್ಲಿ ನಾನೊಬ್ಬನೇ ಇರಬೇಕು.

೫. ಚಿಕ್ಕ ಮಾವನ ಹುಂಡಿ

ಆ ದಿನ ಬಂತು. ತಪ್ಪು ನಂದಾಗಿದ್ದರಿಂದ ನಾನೂ ಬೆಳಿಗ್ಗೆನೇ ಮೊಳಕಾಲ್ಮೂರಿಗೆ ಹೋದೆ. ದುಡ್ಡು ನೂರಕ್ಕೆ ನೂರರಂತೆ ಜಂಟಿ ಖಾತೆಗೆ ಬಂದು ಬಿತ್ತು. ಮಿಷನ್ನೋನು ಮಧ್ಯಾಹ್ನ ಬಂದು ಮಗ್ಗದ ಅಳತೆ ನೋಡಿ ಆಮೇಲೆ ದುಡ್ಡು ತಗೊಳ್ಳೋನು. ಅಲ್ಲಿಯವರೆಗೆ ದೊಡ್ಡ ಮಾವ ತಮ್ಮನಿಗೆ ಹೂಂ ಅನ್ನದ ಹಾಗೆ ಕಾಯಬೇಕಾಗಿತ್ತು. ಅತ್ತೆ ಬೆಳಿಗ್ಗೆಯಿಂದ ಹನಿ ನೀರು ಕುಡಿದಿರಲಿಲ್ಲ.

ಚಿಕ್ಕ ಮಾವ ಮನೆಯೊಳಗೆ ಬರಲೇ ಇಲ್ಲ. ಎದುರಿಗಿನ ಚಾದಂಗಡಿ ಬೆಂಚಿನ ಮೇಲೆ ಹತ್ತಿ ನಿಂತ.

"ಎಲ್ಲಾರೂ ಕೇಳ್ರಪ್ಪೋ! ಸರ್ಕಾರಕ್ಕೆ ದುಡ್ಡಿಲ್ಲ, ನಂಗೂ ದುಡ್ಡಿಲ್ಲ. ಅದು ಹರಾಜು ಹಾಕ್ತೈತೆ, ನಾನೂ ಹಾಕ್ತೀನಿ. ಮೂರು ತಿಂಗಳಿಗೆ ನೂರು ರೂಪಾಯಿ ಕೊಡೋ ನನ್ನ ಹುಂಡಿ. ಎಷ್ಟಕ್ಕೆ ತಗಂತೀರಿ? ಬರ್ಲಿ ಬರ್ಲಿ!"

ಅವನ ಲೆಕ್ಕ ನನಗೆ ಗೊತ್ತಾಯ್ತು. ಹತ್ತು ಜನರ ಮುಂದೆ ತಮ್ಮನ ಮರ್ಯಾದೆ ಹೋಗ್ತಿದ್ದರೆ ಅಣ್ಣ ಸುಮ್ಮನಿರೋದಿಲ್ಲ.

"ಹತ್ತು ರೂಪಾಯಿ," ಅಂದ ಟೈಲರು.

"ಎರಡು," ಅಂದ ಕ್ಷೌರದಂಗಡಿಯೋನು.

"ಲೇ, ಹರಾಜು ಮ್ಯಾಲೆ ಹೋಗ್ಬೇಕು ಕಣ್ರೋ!"

ಚಾದಂಗಡಿಯೋನು ಸೋಸೋ ಬಟ್ಟೆ ಹಿಂಡ್ತಾ, "ನಾನು ತಗಂತೀನಿ ಬಿಡು. ಆದ್ರೆ ತಗಳ್ಳಾಕೆ ನೀನೇ ನಂಗೆ ಐದು ರೂಪಾಯಿ ಕೊಡ್ಬೇಕು," ಅಂದ.

ಜನ ಬಿದ್ದು ಬಿದ್ದು ನಕ್ಕರು. ಚಿಕ್ಕ ಮಾವ ಮುಖ ಸಣ್ಣಗೆ ಮಾಡಿಕೊಂಡು ಅಣ್ಣನ ಕಡೆ ನೋಡಿದ. ಎಲ್ಲರೂ ನೋಡಿದರು. ದೊಡ್ಡ ಮಾವ ಜಗುಲಿ ಮೇಲಿಂದ ಮೆಲ್ಲಗೆ ಎದ್ದರು. ಅತ್ತೆ ನನ್ನ ತೋಳು ಹಿಡಿದಳು. "ಹೋಯ್ತು ಕಣೋ ನನ್ನ ಜಕಾರ್ಡು," ಅಂದಳು. ಕಣ್ಣಲ್ಲಿ ನೀರೇ ಬಂದಿತ್ತು.

ದೊಡ್ಡ ಮಾವ ಗಂಟಲು ಸರಿಮಾಡಿಕೊಂಡರು. "ತಮ್ಮಾ, ಹೊಸಾದು ಯಾಕೆ? ನಿನ್ನ ಹಳೇವು ಎರಡು ನನ್ನತ್ರಾನೇ ಅವೆ. ಕುರಿ ಸಾಲದ್ದೊಂದು, ಟೆಂಪೋ ಸಾಲದ್ದೊಂದು. ಅವನ್ನ ಮೊದ್ಲು ಹರಾಜು ಹಾಕಾನ. ಎರಡೂ ಸೇರಿ, ಯಾರು ಎಷ್ಟು ಕೊಟ್ರೂ ಸೈ. ಯಾರು ತಗಂತಾರೋ ಅವ್ರೇ ಇನ್ನು ಇವನತ್ರ ವಸೂಲು ಮಾಡ್ಕಳ್ಳಿ."

ದೊಡ್ಡ ಮಾವ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನ ಆ ಓಣಿ ಕೇಳೇ ಇರಲಿಲ್ಲ.

ಆಗ ಪಕ್ಕದ ಬಾಗಿಲಲ್ಲಿ ನೂಲು ಸುತ್ತುತ್ತಾ ಕೂತಿದ್ದ ಹೆಂಗಸು ಎದ್ದು ನಿಂತಳು. ಚಿಕ್ಕ ಮಾವನ ಹೆಂಡತಿ.

"ಬಾವಗಾರೂ, ನಾನು ತಗಂತೀನಿ. ಐನೂರು."

ಚಿಕ್ಕ ಮಾವ ಬೆಂಚಿನಿಂದ ಇಳಿದೇಬಿಟ್ಟ. "ಲೇ ಲೇ, ನಿಂಗ್ಯಾಕೇ ಇದೆಲ್ಲಾ? ಇವು ಬರೋ ದುಡ್ಡಲ್ಲ!"

"ಬರ್ತೈತೆ. ಬ್ಯಾರೆಯೋರಿಗಾದ್ರೆ ನೀನು ಕೈಗೆ ಸಿಗಲ್ಲ. ನಂಗೆ ನೀನು ಉಣ್ಣೋದು ಎಲ್ಲಿ, ಮಲಗೋದು ಎಲ್ಲಿ, ಎಲ್ಲಾ ಗೊತ್ತೈತೆ."

"ಒಂದ್ಸಾರಿ," ಅಂದರು ದೊಡ್ಡ ಮಾವ. "ಎರಡ್ಸಾರಿ. ಮೂರ್ಸಾರಿ!"

ಮಧ್ಯಾಹ್ನ ಮಿಷನ್ನೋನು ಬಂದ, ಅಳತೆ ನೋಡಿದ, ದುಡ್ಡು ತಗೊಂಡ. ಅತ್ತೆ ಆಮೇಲೆ ಎರಡು ತಟ್ಟೆ ಅನ್ನ ಉಂಡಳು. ಜಕಾರ್ಡು ಬಂದು ಕೂತು, ಮೊದಲನೇ ಸೀರೆ ಮಗ್ಗದ ಮೇಲಿದ್ದಾಗ ನೋಡೋಕೆ ಹೋದೆ. ಮಗ್ಗದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತಿದ್ದೋನು ಚಿಕ್ಕ ಮಾವ! ಹೆಂಡತಿ ತಂದು ಕೂರಿಸಿದ್ದಳು. ಶನಿವಾರದ ಕೂಲಿ ಅವನ ಕೈಗೆ ಬರ್ತಿರಲಿಲ್ಲ, ಸೀದಾ ಅವಳ ಕೈಗೆ.

"ಏನ್ ಮಾವ, ಮುಂದಿನ ಹರಾಜು ಯಾವಾಗ?" ಅಂದೆ.

ಅವನು ಬಾಗಿಲ ಕಡೆ ಒಂದು ಸಲ ನೋಡಿ, ದನಿ ಇಳಿಸಿ ಹೇಳಿದ: "ತಪ್ಪು ಮಾಡ್ಕಂಡೆ ಅಳಿಯಾ. ಸರ್ಕಾರದ ಹತ್ರ ಸಾಲ ಮಾಡಿದ್ರೆ ಎಲೆಕ್ಷನ್ ಬಂದಾಗ ಮನ್ನಾನಾದ್ರೂ ಆಗ್ತಿತ್ತು. ಇವಳತ್ರ ಮಾಡಿದ್ದು ಎಂಥ ಎಲೆಕ್ಷನ್ ಬಂದ್ರೂ ಆಗಲ್ಲ!"