ಜೀನಿಗೆ ತಕ್ಕಂತೆ ಕುದುರೆ ಕೆತ್ತಲೇ?

ಈಗಿನ ಅಂಗಡಿಯವರಿಗೆಲ್ಲ ಒಂದು ರೋಗ ಅಂಟಿಕೊಂಡಿದೆ. ಅವರ ಮಾಲು ನಮಗೆ ಹೊಂದದಿದ್ದರೆ ತಪ್ಪು ಮಾಲಿನದಲ್ಲ, ನಮ್ಮ ಮೈಯದು. ಬಳೆ ಏರದಿದ್ದರೆ ನಮ್ಮ ಕೈ ದಪ್ಪ, ಕುಪ್ಪಸ ಹಿಡಿಯದಿದ್ದರೆ ನಮ್ಮ ತೋಳು ದಪ್ಪ. ನನಗೆ ಬರುವ ಓದು ಬಸ್ಸಿನ ಬೋರ್ಡಿಗೆ ಸಾಲುವಷ್ಟು, ಹೀಗಾಗಿ ಅವರೊಂದಿಗೆ ಹೆಚ್ಚು ವಾದಕ್ಕೆ ನಿಲ್ಲದೆ ಇಷ್ಟು ವರ್ಷ ಬೈದುಕೊಂಡು ಮನೆಗೆ ಬಂದಿದ್ದೇನೆ. ಆದರೆ ಬಾಯಿಲ್ಲದ ಕುದುರೆಗೂ ಅದನ್ನೇ ಹೇಳಿದಾಗ ನನ್ನ ತಲೆ ಕೆಟ್ಟುಹೋಯಿತು.

ನಮ್ಮದು ಧಾರವಾಡದ ಟಾಂಗಾ ಮನೆತನ. ನನ್ನ ಗಂಡ ಹೋದ ಮೇಲೆ ಟಾಂಗಾ ಒಲೆಗೆ ಹೋಯಿತು. ಮಗ ಬಸ್ಯಾ ಮದುವೆ ಮೆರವಣಿಗೆಗೆ ಕುದುರೆ ಒಯ್ಯುತ್ತಾನೆ. ಕುದುರೆ ಅಂದರೆ ನಮ್ಮ ಗುಂಡವ್ವ. ಬಿಳಿ ಮೈ, ತಣ್ಣನೆ ಸ್ವಭಾವ. ಕಿವಿಯ ಪಕ್ಕದಲ್ಲೇ ಬ್ಯಾಂಡು ಬಾರಿಸಿ, ಕಾಲ ಕೆಳಗೆ ಪಟಾಕಿ ಹಚ್ಚಿ, ಅವಳು ಬಾಲ ಅಲ್ಲಾಡಿಸಿದರೆ ಹೇಳಿ. ಬೆನ್ನು ಮಾತ್ರ ಅಗಲ. ಎಷ್ಟು ಅಗಲ ಅಂದರೆ ಸಂಡಿಗೆ ಒಣಹಾಕಬಹುದು. ಟಾಂಗಾ ಎಳೆಯುವ ಕುದುರೆಗೆ ಜೀನು ಬೇಕಿರಲಿಲ್ಲ, ಹೀಗಾಗಿ ನಮ್ಮ ಮನೆಯಲ್ಲಿ ಯಾರಿಗೂ ಜೀನಿನ ಕಷ್ಟ ಗೊತ್ತಿರಲಿಲ್ಲ. ಬಸ್ಯಾ ಎಲ್ಲಿಂದಲೋ ಒಂದು ಹಳೆಯದನ್ನು ತಂದು ಹೇರಿದ. ಅದರೊಳಗಿನ ಕಟ್ಟಿಗೆಯ ಚೌಕಟ್ಟು ಇಕ್ಕಟ್ಟು. ಬೆನ್ನೆಲುಬಿನ ಎರಡೂ ಬದಿಗೆ ಇಕ್ಕಳದ ಹಾಗೆ ಹಿಡಿದು ಗಾಯ ಮಾಡಿತು. ಮೆತ್ತಗಾಗಲಿ ಎಂದು ನಾನು ಅಡಿಯಲ್ಲಿ ಕೌದಿ ಹಾಸಿದೆ. ಅದು ಇನ್ನೂ ಬಿಗಿಯಾಯಿತು. ಬಿಗಿ ಚಪ್ಪಲಿಯೊಳಗೆ ಬಟ್ಟೆ ತುರುಕಿದರೆ ಕಾಲಿಗೆ ಸುಖವಾಗುತ್ತದೆಯೇ? ನನ್ನ ಬುದ್ಧಿ ಅಷ್ಟೇ.

ಗಾಯ ನೋಡಿ ಬಸ್ಯಾ ಅಂದ, “ಯವ್ವಾ, ಇದನ್ನ ಮಾರಿಬಿಡೋಣ. ತೆಳ್ಳಗಿನ ಕುದುರಿ ತರೋಣ.”

“ಆ ತೆಳ್ಳಗಿಂದು ಪಟಾಕಿಗೆ ಬೆದರಿ ಮದುಮಗನ್ನ ಹೊತಗೊಂಡು ಗದಗಕ್ಕ ಓಡಿದ್ರ? ಹುಡಕಾಕ ನೀ ಹೋಗ್ತಿಯೇನಲೇ?”

“ಹಂಗಾರ ನೀನ ಜೀನು ತಾ. ಬರೋ ಲಗ್ನದೊಳಗ ಸಿಗಲಿಲ್ಲಂದ್ರ ಮಾರಾಂವನ ನಾ.”

ಮರುದಿನವೇ ಹುಬ್ಬಳ್ಳಿಗೆ ಹೋದೆ. ಮದುವೆ ಮೆರವಣಿಗೆಯ ಸಾಮಾನು ಮಾರುವ ದೊಡ್ಡ ಅಂಗಡಿ. ಜರಿ, ಕನ್ನಡಿ, ಗೊಂಡೆ ಹಚ್ಚಿದ ಜೀನುಗಳು ಗೋಡೆಯ ತುಂಬ ನೇತಾಡುತ್ತಿದ್ದವು. ಅಂಗಡಿಯವ ಮೊಬೈಲಿನಿಂದ ತಲೆ ಎತ್ತದೆ ಅಂದ, “ಎಲ್ಲಾ ಫ್ರೀ ಸೈಜ್ ಅದಾವ್ರಿ ಅಮ್ಮಾ. ಯಾವ ಕುದುರಿಗ್ಯಾದ್ರೂ ಆಕ್ಕಾವ.”

“ನಮ್ಮ ಕುದುರಿಗೆ ಆಗಂಗಿಲ್ಲ. ಬೆನ್ನು ಅಗಲ ಐತಿ.”

“ಹಂಗಾರ ಸ್ವಲ್ಪ ಹಿಂಡಿ ಕಮ್ಮಿ ಮಾಡ್ರಿ. ಡಯಟ್ ಮಾಡಸ್ರಿ.”

“ಎಲಬು ಡಯಟ್ ಮಾಡತಾವೇನೋ ತಮ್ಮಾ? ನಿನ್ನ ತಲಿಗೆ ಟೊಪಿಗಿ ಹಿಡೀಲಿಲ್ಲಂದ್ರ ತಲಿ ಕೆತ್ತಸ್ತಿಯೇನು?”

ಆಗ ತಲೆ ಎತ್ತಿದ. ಕೆತ್ತಿಸಿದರೂ ನಷ್ಟವಿಲ್ಲದ ತಲೆ.

ಕೊನೆಗೆ ನೆನಪಾದವರು ರಾಯಾಪುರದ ಖಾದರಸಾಬರು. ಹಿಂದೆ ನನ್ನ ಗಂಡನಿಗೆ ಟಾಂಗಾದ ಪಟ್ಟಿ, ಲಗಾಮು ಹೊಲಿದು ಕೊಡುತ್ತಿದ್ದರು. ಈಗ ಕಾರಿನ ಸೀಟಿಗೆ ಕವರು ಹೊಲಿಯುತ್ತಾರೆ. ಆ ಕಾಲದಲ್ಲಿ ನನ್ನ ಗಂಡ ಕುದುರೆಯ ಕೊರಳಪಟ್ಟಿಗೆ ಮೂರು ಸಲ ಅಳತೆ ಕೊಡುತ್ತಿದ್ದ. ನನಗೆ ಚಪ್ಪಲಿ ಮಾತ್ರ ಅಂದಾಜಿನ ಮೇಲೆ ತರುತ್ತಿದ್ದ. ಒಂದು ಜೊತೆಯೂ ಸರಿಯಾಗಲಿಲ್ಲ. ಸತ್ತವನನ್ನು ಬೈಯಬಾರದು, ಇಷ್ಟಕ್ಕೇ ಬಿಡುತ್ತೇನೆ.

ಖಾದರಸಾಬರು ಅಂದರು, “ಅಕ್ಕಾರ, ಹಳೇ ಜೀನಿನ ಕಟಗಿ ಬಿಚ್ಚಿ ಅಗಲ ಮಾಡಿ ಕೂಡಸ್ತೇನಿ. ಆದ್ರ ಬೆನ್ನಿನ ಅಳತಿ ಬೇಕು. ದಪ್ಪ ತಂತಿ ತಗೊಂಡು ಹೆಗಲಿನ ಹಿಂದ ಬೆನ್ನಿಗೆ ಒತ್ತಿ ಬಗ್ಗಸ್ರಿ. ಬಗ್ಗಿದ ಆಕಾರ ಕೆಡದಂಗ ತರ್ರಿ.”

ಬಟ್ಟೆ ಒಣಹಾಕುವ ತಂತಿ ಕಿತ್ತು ಬಗ್ಗಿಸಿದೆ. ಅದು ಕಮಾನಿನಷ್ಟು ದೊಡ್ಡದಾಯಿತು. ಬಸ್ಸಿನಲ್ಲಿ ಜನ ಒತ್ತಿ ಗುಂಡವ್ವನ ಬೆನ್ನು ಸಣ್ಣದಾದೀತೆಂದು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ನಿಂತೆ. ಕಂಡಕ್ಟರು ಕೇಳಿದ, “ಏನ ಯಜ್ಜೀ ಇದು?”

“ಕುದುರಿ ಬೆನ್ನು.”

“ಉಳಿದ ಕುದುರಿ ಹಿಂದಿನ ಬಸ್ಸಿಗೆ ಬರಾಕತ್ತೈತೇನು?”

ಬಸ್ಸೆಲ್ಲ ನಕ್ಕಿತು. ನಗಲಿ. ರಾಯಾಪುರದವರೆಗೆ ನಾನು ಕೈ ಇಳಿಸಲಿಲ್ಲ. ತಂತಿ ನೋಡಿ ಖಾದರಸಾಬರೂ ಬಿಡಲಿಲ್ಲ: “ಅಕ್ಕಾರ, ಇದು ಕುದುರಿ ಐತೋ, ಮಲಗೋ ದಿವಾನ ಐತೋ?” ಅಂದರು. ಆದರೂ ಹಳೆಯ ಜೀನಿನ ಕಟ್ಟಿಗೆ ಅಗಲ ಮಾಡಿ ಹೊಲಿದರು. ತಾವೇ ಬಂದು ಏರಿಸಿದರು. ನಡುವೆ ಜೀನು ಬೆನ್ನೆಲುಬಿಗೆ ತಾಗದೆ ಸಂದಿನಲ್ಲಿ ಬೆಳಕು ಕಾಣುತ್ತಿತ್ತು. ಎರಡೂ ಬದಿಗೆ ಅಂಗೈ ತೂರಿಸಿದರೆ ಸಲೀಸಾಗಿ ಹೋಗುತ್ತಿತ್ತು. ಆ ಹೊತ್ತಿಗೆ ಗಾಯವೂ ಮಾಯ್ದಿತ್ತು. ಜೀನು ಕಂಡರೆ ಮೊದಲೆಲ್ಲ ಚರ್ಮ ನಡುಗಿಸುತ್ತಿದ್ದವಳು ಮೇವಿನಿಂದ ಬಾಯಿ ತೆಗೆಯಲಿಲ್ಲ. ಬಸ್ಯಾ ಸುತ್ತ ಒಂದು ಸಲ ತಿರುಗಿ, “ಆತ ಬಿಡು, ಇರ್ಲಿ” ಅಂದ. ನನ್ನ ಮಗನ ಬಾಯಲ್ಲಿ ಅದೇ ದೊಡ್ಡ ಮರ್ಯಾದೆ.

ಮೊದಲ ಮೆರವಣಿಗೆ ವಿದ್ಯಾನಗರದಲ್ಲಿ. ಜೀನು ಹೇಗೆ ಕೂರುತ್ತದೋ ನೋಡಬೇಕೆಂದು ನಾನೂ ಹೋದೆ. ಜೀನು ಅಲುಗಲಿಲ್ಲ. ಗುಂಡವ್ವ ಅಲುಗಲಿಲ್ಲ. ಮದುಮಗ ಮಾತ್ರ ಕುಳ್ಳ. ಅವನ ಎರಡೂ ಕಾಲು ಕೆಳಗಿಳಿಯದೆ ಅಡ್ಡಡ್ಡ ಚಾಚಿಕೊಂಡವು, ತಕ್ಕಡಿಯ ದಾಂಡಿಯ ಹಾಗೆ. ಪಕ್ಕದಲ್ಲಿ ಕುಣಿಯುತ್ತಿದ್ದ ಒಬ್ಬನ ತಲೆಯ ರುಮಾಲಿಗೆ ಮದುಮಗನ ಬೂಟು ತಾಗಿ ರುಮಾಲು ಬಿತ್ತು. ಬಾಸಿಂಗದ ಒಳಗಿಂದ ಸಣ್ಣ ದನಿ ಬಂತು: “ತೊಡಿ ಹರೀತಾವ್ರಿ, ಇಳಸ್ರಿ...”

ಅವನ ಸೋದರತ್ತೆ ನನ್ನ ಮೇಲೆ ಏರಿ ಬಂದಳು. “ಏನ್ರೀ ಅಮ್ಮಾ, ಇದಕ್ಕಿಂತ ಸಣ್ಣ ಕುದುರಿ ಇರಲಿಲ್ಲೇನ್ರಿ?”

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಅಲೆದು, ಕೈ ನೋಯಿಸಿಕೊಂಡು, ಕೂದಲೆಳೆಯಷ್ಟು ತಪ್ಪಿಲ್ಲದೆ ಜೀನು ಕೂರಿಸಿದ ಕುದುರೆಗೆ ಕೊಂಕು ತೆಗೆಯುತ್ತಾಳೆ!

“ಕುದುರಿ ಬರೋಬ್ಬರಿ ಐತಿ, ಜೀನು ಬರೋಬ್ಬರಿ ಐತಿ,” ಅಂದೆ. “ನಿಮ್ಮ ಹುಡುಗನ ಕಾಲು ಗಿಡ್ಡ ಅದಾವು. ಲಗ್ನ ಗೊತ್ತಾದ ಕೂಡ್ಲೆ ದಿನಾ ಒಂದೀಟು ಜಗ್ಗಸಬೇಕಿಲ್ಲೇನ್ರಿ?”

ಬಸ್ಯಾ ನನ್ನನ್ನು ಬ್ಯಾಂಡಿನವರ ಹಿಂದಕ್ಕೆ ಎಳೆದುಕೊಂಡು ಹೋದ. ಈಗ ಅವನಿಗೆ ಕಟ್ಟಪ್ಪಣೆ ಮಾಡಿದ್ದೇನೆ: ಕುದುರೆ ಕೇಳಲು ಯಾರೇ ಬರಲಿ, ತಿಥಿ, ಮುಹೂರ್ತದ ಮಾತು ಆಮೇಲೆ, ಮೊದಲು ಮದುಮಗನನ್ನು ಕರೆತರಲಿ, ನಾನು ಕಾಲು ಅಳೆಯುತ್ತೇನೆ. ನಮ್ಮ ಗುಂಡವ್ವನಿಗೆ ಹೊಂದುವಂಥ ಗಂಡು ಅವರ ಮನೆಯಲ್ಲಿ ಹುಟ್ಟದಿದ್ದರೆ ಅದಕ್ಕೆ ನಾವೇನು ಮಾಡಬೇಕು?