ಐದೇ ನಿಮಿಷದ ಡಿಸ್ಕು

ಗುಮಾಸ್ತನ ತೊಂದರೆಗಳಿಗೆಲ್ಲ ಮೂಲ ಅವನ ನಾಲಿಗೆ. ಹೊಸ ಲ್ಯಾಪ್‌ಟಾಪ್ ಮನೆಗೆ ಬಂದು ಎರಡು ದಿನವಾಗಿರಲಿಲ್ಲ, ಆಫೀಸಿನಲ್ಲಿ ಸಿಕ್ಕವರಿಗೆಲ್ಲ ಅದರ ಗುಣಗಾನ ಮಾಡಿ ಮುಗಿಸಿದ್ದ. ವಾರ್ಷಿಕ ಸಭೆಯಲ್ಲಿ ತಾವು ಮಾಡಿದ ಭಾಷಣವನ್ನು ಡಿಸ್ಕಿಗೆ ಹಾಕಿಸಬೇಕು, ತಮ್ಮ ಅಮ್ಮನ ಹತ್ತಿರ ಹಳೆಯ ಡಿಸ್ಕ್ ಪ್ಲೇಯರ್ ಒಂದೇ ಇರುವುದು ಎಂದು ಮ್ಯಾನೇಜರ್ ಅಂದದ್ದೇ ತಡ, "ಕೊಡಿ ಸಾರ್, ಐದೇ ನಿಮಿಷದ ಕೆಲಸ" ಎಂದು ಪೆನ್ ಡ್ರೈವ್ ಇಸಿದುಕೊಂಡ.

"ನಾಳೆ ಮನೇಲೇ ಕೂತು ಮಾಡಿ, ಸಂಜೆ ತನ್ನಿ. ನಿಮ್ಮ ರಜೆಗೂ ಆಗಲೇ ಸಹಿ ಹಾಕ್ತೀನಿ" ಎಂದರು ಮ್ಯಾನೇಜರ್.

ಆ ರಜೆ ಅಂತಿಂಥದ್ದಲ್ಲ. ಮದುವೆಯಾದಾಗಿನಿಂದ ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಹೇಳುತ್ತಲೇ ಬಂದಿದ್ದ. ಈಗ ರೈಲಿನ ಟಿಕೆಟ್ಟೂ ಆಗಿತ್ತು. ಮರುದಿನ ಬೆಳಗ್ಗಿನಿಂದ ಅವಳು ಹಾಡು ಗುನುಗುತ್ತ ಸೂಟ್‌ಕೇಸ್ ತುಂಬುತ್ತಿದ್ದಳು.

ಗುಮಾಸ್ತ ಖಾಲಿ ಡಿಸ್ಕ್ ಹಾಕಿದ. "ಖಾಲಿ ಡಿಸ್ಕ್ ಹಾಕಿ" ಎಂದಿತು ಲ್ಯಾಪ್‌ಟಾಪ್. ತೆಗೆದು, ಒರೆಸಿ, ಮತ್ತೆ ಹಾಕಿದ. ಗಿರ್ರನೆ ತಿರುಗಿಸಿ ನೋಡಿ, "ಖಾಲಿ ಡಿಸ್ಕ್ ಹಾಕಿ" ಎಂದಿತು. ಬಾಯಿ ತುಂಬ ತುತ್ತು ಇಟ್ಟುಕೊಂಡೇ ಹಸಿವು ಎಂದು ಅಳುವ ಮಗುವಿನಂಥ ಹಠ. ಮಧ್ಯಾಹ್ನದ ಹೊತ್ತಿಗೆ ಡಬ್ಬದಲ್ಲಿದ್ದ ಡಿಸ್ಕುಗಳನ್ನೆಲ್ಲ ಒಂದೊಂದಾಗಿ ಹಾಕಿ ಸೋತು, ಅವನು ಕಾಲು ಸುಟ್ಟ ಬೆಕ್ಕಿನಂತೆ ಮನೆಯೆಲ್ಲ ಓಡಾಡತೊಡಗಿದ.

ತೆರೆದ ಬಾಗಿಲಿನಿಂದ ಎದುರುಮನೆಯ ಟೀಚರಮ್ಮ ಬಂದರು. "ಹೊಸದಲ್ವಾ, ನಾಚಿಕೊಳ್ತಿರುತ್ತೆ. ಆರಿಸಿ ಸ್ವಲ್ಪ ಹೊತ್ತು ಮಲಗಿಸಿ" ಎಂದರು. ಮಲಗಿಸಿದ್ದಾಯಿತು. ಎದ್ದ ಮೇಲೂ ಅದೇ ರಾಗ.

ಮೇಲಿನ ಮನೆಯ ನಿವೃತ್ತ ಲೈನ್‌ಮನ್ ಇಳಿದು ಬಂದರು. ಅವರಿಗೆ ತಿಳಿಯದ ರೋಗವೇ ಇರಲಿಲ್ಲ. ಟೇಬಲ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

"ಅದುರ್ತಿದೆ ಕಣಯ್ಯಾ. ಡಿಸ್ಕ್ ಬರೆಯೋವಾಗ ನೆಲ ಅಲುಗಾಡಬಾರದು. ನೀನು ಸುಮ್ನೆ ಕೂತ್ಕೋ, ನಾನು ನೋಡ್ಕೋತೀನಿ."

ಇಡೀ ಕಟ್ಟಡಕ್ಕೆ ಅವರ ಅಪ್ಪಣೆ ಹೋಯಿತು. ಮಿಕ್ಸಿಗಳು ನಿಂತವು, ಲಿಫ್ಟ್ ನಿಂತಿತು, ಮೇಲಿನ ಮಹಡಿಯ ಸ್ಕಿಪ್ಪಿಂಗ್ ಹುಡುಗಿ ಹಗ್ಗ ಹಿಡಿದು ನಿಂತಳು. ಟೀಚರಮ್ಮ ಸೀನು ತಡೆಯಲು ಮೂಗು ಹಿಡಿದುಕೊಂಡರು. ಗುಮಾಸ್ತ ಉಸಿರು ಬಿಗಿಹಿಡಿದು ಗುಂಡಿ ಒತ್ತಿದ.

"ಖಾಲಿ ಡಿಸ್ಕ್ ಹಾಕಿ."

ಟೀಚರಮ್ಮ ಸೀನಿದರು.

"ನಿಮ್ಮಿಂದಲೇ ಕೆಟ್ಟಿದ್ದು!" ಎಂದು ಲೈನ್‌ಮನ್ ಅವರ ಮೇಲೆ ಹರಿಹಾಯ್ದರು. ಆ ಜಗಳದ ನಡುವೆ, ಲ್ಯಾಪ್‌ಟಾಪ್ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ದಾರಿಗೆ ತಿಂಡಿ ತುಂಬುತ್ತಿದ್ದ ಹೆಂಡತಿ ತಲೆಯೆತ್ತಿದಳು.

"ರೀ, ಪೆಟ್ಟಿಗೆ ಮೇಲೇ ಬರೆದಿದೆಯಲ್ಲ! ಇದು ಡಿಸ್ಕ್ ಓದುತ್ತೆ ಅಷ್ಟೇ. ಬರೆಯೋಕೆ ಬರಲ್ವಂತೆ."

ಆಗ ಮಾತ್ರ ಮನೆಯಲ್ಲಿ ನಿಜವಾಗಿಯೂ ಯಾರೂ ಅಲುಗಾಡಲಿಲ್ಲ.

ಗುಮಾಸ್ತ ಪೆನ್ ಡ್ರೈವ್ ಹಿಡಿದು ಓಡಿದ. ಮೂಲೆಯ ಫೋಟೋ ಸ್ಟುಡಿಯೋದವನು ಆಗಲೇ ಶಟರ್ ಅರ್ಧ ಎಳೆದಿದ್ದ.

"ಇನ್ನು ಒಂದು ವಾರ ಅಂಗಡಿ ಇಲ್ಲ ಸಾರ್. ಹೆಂಡತಿ ಮಕ್ಕಳು ಕಾಯ್ತಿದಾರೆ."

ಅವನ ಕಾಲಿಗೆ ಬೀಳುವುದೊಂದು ಬಾಕಿ. ಕೊನೆಗೆ ಅವನು ಗೊಣಗುತ್ತಲೇ ಬಗ್ಗಿ ಒಳಹೋಗಿ ಡಿಸ್ಕ್ ಬರೆದು ತಂದ. "ಊರಲ್ಲಿ ಈ ಕೆಲಸಕ್ಕೆ ನಾನೊಬ್ಬನೇ ಉಳಿದಿರೋದು, ತಿಳ್ಕೊಳ್ಳಿ" ಎಂದ.

ಸಂಜೆ ಆಫೀಸಿನಲ್ಲಿ ಮ್ಯಾನೇಜರ್ ತಮ್ಮ ಭಾಷಣವನ್ನು ಕೊನೆಯವರೆಗೂ ಕೇಳಿ, ತಾವೇ ಚಪ್ಪಾಳೆ ತಟ್ಟಿದರು. ರಜೆಯ ಅರ್ಜಿ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ಎಷ್ಟು ಚೆನ್ನಾಗಿ ಬಂದಿದೆ! ಅಂಗಡಿಯಲ್ಲಿ ಮಾಡಿಸಿದ್ರಾ?"

ಹೌದು ಅಂದಿದ್ದರೆ ಕತೆ ಅಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಅಂಗಡಿ ಯಾಕೆ ಸಾರ್? ಮನೇಲೇ, ನನ್ನ ಲ್ಯಾಪ್‌ಟಾಪಲ್ಲಿ. ಐದೇ ನಿಮಿಷ!"

ಪೆನ್ನು ಅರ್ಜಿಯ ಮೇಲೆ ನಿಂತುಹೋಯಿತು.

"ಹೌದಾ! ಹಾಗಾದ್ರೆ ನಮ್ಮ ಎಲ್ಲಾ ಶಾಖೆಗೂ ಒಂದೊಂದು ಕಳಿಸೋಣ. ಸೋಮವಾರದೊಳಗೆ ಎಂಬತ್ತು ಮಾಡ್ಬಿಡಿ. ರಜೆ ಮುಂದಿನ ತಿಂಗಳು ನೋಡೋಣ. ಐದೈದು ನಿಮಿಷ ಅಂದ್ರೆ ನಿಮಗೇನು ಮಹಾ!"

ಮುಚ್ಚಳ ಪೆನ್ನಿಗೆ ವಾಪಸಾಯಿತು.

ಗುಮಾಸ್ತ ಬೆವರು ಒರೆಸಿಕೊಳ್ಳುತ್ತ ಸ್ಟುಡಿಯೋಗೆ ಓಡಿ ಬಂದಾಗ ಶಟರಿಗೆ ಬೀಗ ಬಿದ್ದಿತ್ತು. ಸಾಮಾನು ತುಂಬಿದ ಕಾರೊಂದು ಪಕ್ಕದಲ್ಲಿ ನಿಧಾನವಾಯಿತು. ಕಿಟಕಿಯಿಂದ ಸ್ಟುಡಿಯೋದವನ ತಲೆ ಹೊರಬಂತು, ಅದರ ಮೇಲೊಂದು ಅಗಲ ಟೋಪಿ.

"ಡಿಸ್ಕ್ ಚೆನ್ನಾಗಿ ಬಂತಾ ಸಾರ್? ನಾವು ಸಮುದ್ರ ನೋಡೋಕೆ ಹೊರಟ್ವಿ!"

ಕಾರು ತಿರುವಿನಲ್ಲಿ ಮರೆಯಾಯಿತು. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ.

"ರೀ, ಎಲ್ಲಾ ತುಂಬಿದೆ. ಸೂಟ್‌ಕೇಸಲ್ಲಿ ಇನ್ನೂ ಒಂದಿಷ್ಟು ಜಾಗ ಇದೆ. ಏನು ಹಾಕಲಿ?"

ಗುಮಾಸ್ತ ಬೀಗವನ್ನೇ ನೋಡುತ್ತ ಹೇಳಿದ:

"ಖಾಲಿ ಡಿಸ್ಕ್ ಹಾಕು."