ಸ್ತಾಮೆನ್‌ನ ಕೆಟ್ಟ ಡಿಸ್ಕು

ಎಲ್ಲಕ್ಕೂ ಮೂಲ ಒಂದು ಕೆಟ್ಟ ಡಿಸ್ಕು. ಹಿಂದೊಮ್ಮೆ ಅದು ಸ್ತಾಮೆನ್‌ನ ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಜೆರೇನಿಯಂ ಹೂವಿನ ಕುಂಡದ ಜೊತೆಯಲ್ಲೇ ಕೆಳಗೆ ಬಿದ್ದಿತ್ತು. ಕುಂಡ ಒಡೆಯಿತು, ಡಿಸ್ಕು ಒಡೆಯಲಿಲ್ಲ. ಆದರೆ ಅಂದಿನಿಂದ ಅದು ಅರ್ಧದ ತನಕ ಹೇಳಿದ್ದನ್ನೆಲ್ಲ ಬರೆದುಕೊಂಡು, ಆಮೇಲೆ ಟಕ್ ಟಕ್ ಎಂದು ಕೆಮ್ಮಿ ಕೈಚೆಲ್ಲುತ್ತಿತ್ತು. ಬೇರೆಯವರಾಗಿದ್ದರೆ ಎಸೆಯುತ್ತಿದ್ದರು. ಸ್ತಾಮೆನ್ ಅದನ್ನು ಹಳೆಯ ಕಾಲುಚೀಲದಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಂಡಿದ್ದ. ಕೈಕೊಡುವ ವಿಷಯದಲ್ಲಿ ಅದರಷ್ಟು ನಂಬಿಕಸ್ಥ ಡಿಸ್ಕು ಇಡೀ ಬಲ್ಗೇರಿಯದಲ್ಲಿ ಇನ್ನೊಂದಿಲ್ಲ ಎಂದು ಅವನ ಹೆಮ್ಮೆ.

ಹೆಮ್ಮೆಪಡಲು ಅವನಿಗೆ ಬೇರೆ ಹೆಚ್ಚೇನೂ ಇರಲಿಲ್ಲ ಅನ್ನಿ. ಐವತ್ತರ ಹತ್ತಿರದ ಒಂಟಿ ಮನುಷ್ಯ. ವೆನೆತಾ ಮೇಡಂ ಅವರ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಅಂಗಡಿ ಎಂದರೆ ಸಾವಿನ ಹಾಳೆ ಅಚ್ಚು ಹಾಕುವ ಅಂಗಡಿ. ಡ್ಯಾನ್ಯೂಬ್ ದಂಡೆಯ ನಮ್ಮೂರಿನಲ್ಲಿ ಯಾರಾದರೂ ತೀರಿಕೊಂಡರೆ ಅವರ ಫೋಟೊ, ಹೆಸರು, ದುಃಖತಪ್ತರ ಹೆಸರು ಇರುವ ಹಾಳೆ ಮನೆಬಾಗಿಲಿಗೆ, ಬಸ್‌ಸ್ಟಾಪಿಗೆ, ಬೀದಿಯ ಮರಕ್ಕೆ ಅಂಟಲೇಬೇಕು. ನಲವತ್ತನೇ ದಿನಕ್ಕೆ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷ ವರ್ಷವೂ. ಹಾಗಾಗಿ ವೆನೆತಾ ಅವರ ಡೇಟಾಬೇಸಿನಲ್ಲಿ ಊರಿನ ಸತ್ತವರೆಲ್ಲ ಫೋಟೊ ಸಮೇತ ಇದ್ದರು. ತಾರೀಖು ಬಂದ ಬೆಳಿಗ್ಗೆ ಅವರವರ ಹಾಳೆ ತಾನೇ ತಾನಾಗಿ ಪ್ರಿಂಟರಿನಿಂದ ಹೊರಗೆ ಬರುತ್ತಿತ್ತು. ಈ ಏರ್ಪಾಡು ಮಾಡಿಕೊಟ್ಟವನು ಸ್ತಾಮೆನ್ನೇ.

ಹೋದ ವಾರ ಪಕ್ಕದೂರಿನ ಇಂಥದೇ ಅಂಗಡಿಯಲ್ಲಿ ಕಂಪ್ಯೂಟರಿನ ಡಿಸ್ಕು ಪ್ರಾಣ ಬಿಟ್ಟಿತು. ಬ್ಯಾಕಪ್ ಇದೆಯಲ್ಲ ಎಂದು ತೆಗೆದು ನೋಡಿದರೆ ಅದೂ ಖಾಲಿ. ಬರೆಯುವಾಗ ತಪ್ಪಾಗುತ್ತಿದ್ದರೂ ಅಲ್ಲಿನ ಪ್ರೋಗ್ರಾಂ ತಿಂಗಳುಗಟ್ಟಲೆ ‘ಎಲ್ಲ ಸರಿಯಿದೆ’ ಎಂದೇ ಹೇಳುತ್ತಾ ಬಂದಿತ್ತಂತೆ. ಸುದ್ದಿ ಕೇಳಿ ವೆನೆತಾ ಅವರ ನಿದ್ದೆ ಹಾರಿತು. ತೀರಿಹೋದ ಗಂಡನ ಒಂದೇ ಒಂದು ಒಳ್ಳೆಯ ಫೋಟೊ ಇದ್ದದ್ದು ಆ ಡೇಟಾಬೇಸಿನಲ್ಲಿ. ಬರೆಯುವಾಗ ಡಿಸ್ಕು ಕೈಕೊಟ್ಟರೆ ನಮ್ಮ ಬ್ಯಾಕಪ್ ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ನಾಳೆ ಸಂಜೆಯೊಳಗೆ ಕಣ್ಣೆದುರು ತೋರಿಸು, ಇಲ್ಲದಿದ್ದರೆ ನಿನ್ನ ಕುರ್ಚಿಯಲ್ಲಿ ನನ್ನ ತಂಗಿಯ ಮಗ ನಾಯ್ದೆನ್ ಕೂರುತ್ತಾನೆ ಎಂದು ಸ್ತಾಮೆನ್‌ಗೆ ಕಡ್ಡಿ ಮುರಿದಂತೆ ಹೇಳಿದರು. ನಾಯ್ದೆನ್ ಆಗಲೇ ಬಂದು ಕುರ್ಚಿಯ ಎತ್ತರ ಸರಿಮಾಡಿ ನೋಡಿಕೊಂಡು ಹೋಗಿದ್ದ.

ಮರುದಿನ ಬೆಳಿಗ್ಗೆ ನದಿಯ ಮಂಜು ಇನ್ನೂ ಬೀದಿಯಲ್ಲೇ ಮಲಗಿದ್ದಾಗ ಸ್ತಾಮೆನ್ ಅಂಗಡಿಗೆ ಬಂದ. ಮೊದಲು ಒಳ್ಳೆಯ ಡಿಸ್ಕಿಗೆ ಒಂದು ಸರಿಯಾದ ಬ್ಯಾಕಪ್ ತೆಗೆಯುವುದು. ಆಮೇಲೆ ಕೆಟ್ಟ ಡಿಸ್ಕಿಗೆ ಇನ್ನೊಂದು ತೆಗೆದು, ಅದು ಅರ್ಧದಲ್ಲಿ ಕೈಚೆಲ್ಲಿದಾಗ ಪ್ರೋಗ್ರಾಂ ಏನೆನ್ನುತ್ತದೆ ಎಂದು ನೋಡುವುದು. ಇಷ್ಟೇ ಅವನ ಯೋಜನೆ. ಹೊಸದಾಗಿ ಸೇರಿದವರೂ ಬ್ಯಾಕಪ್ಪಿಗೆ ಹೋಗುತ್ತಾರೋ ಇಲ್ಲವೋ ತಿಳಿಯಲು ಒಬ್ಬ ಹೊಸ ಸತ್ತವನು ಬೇಕಾಗಿತ್ತು. ಸುಮ್ಮನೆ ಒಂದು ಹೆಸರು ಕಟ್ಟೋಣವೆಂದರೆ ಊರು ಚಿಕ್ಕದು. ಯಾವ ಹೆಸರು ಕಟ್ಟಿದರೂ ಆ ಹೆಸರಿನವರೊಬ್ಬರು ಎಲ್ಲೋ ಕಾಫಿ ಕುಡಿಯುತ್ತ ಕೂತಿರುತ್ತಾರೆ. ಬದುಕಿರುವವರನ್ನು ಸಾಯಿಸಿ ಪಾಪ ಕಟ್ಟಿಕೊಳ್ಳುವುದೇಕೆ ಎಂದು ಅವನು ತನ್ನದೇ ಹೆಸರು ಹಾಕಿದ. ಫೋಟೊ ಗುರುತಿನ ಚೀಟಿಯದು. ಅದರಲ್ಲಿ ಅವನು ಮೊದಲೇ ಅರ್ಧ ಹೋದವನಂತಿದ್ದ.

‘ದುಃಖತಪ್ತರು’ ಎಂಬಲ್ಲಿಗೆ ಬಂದಾಗ ಬೆರಳು ನಿಂತಿತು. ಹೆಂಡತಿ ಇಲ್ಲ, ಮಕ್ಕಳಿಲ್ಲ, ತಾಯಿ ಅದೇ ಡೇಟಾಬೇಸಿನೊಳಗೆ ಇದ್ದಾಳೆ. ಖಾಲಿ ಬಿಡೋಣವೆಂದರೆ ಪ್ರೋಗ್ರಾಂ ಒಪ್ಪಲಿಲ್ಲ. ದುಃಖಪಡುವವರು ಯಾರೂ ಇಲ್ಲದೆ ಸಾಯಲು ಅವಕಾಶವಿಲ್ಲ ಎಂದು ಆ ನಿಯಮ ಮಾಡಿದವನೂ ಅವನೇ. ಕೊನೆಗೆ ‘ನೆರೆಹೊರೆಯವರು’ ಎಂದು ಬರೆದು, ಸತ್ತ ದಿನ ಇವತ್ತಿನದೇ ಹಾಕಿ, ಒಳ್ಳೆಯ ಡಿಸ್ಕಿಗೆ ಬ್ಯಾಕಪ್ ತೆಗೆದ. ಅದು ಸರಿಯಾಗಿ ಮುಗಿಯಿತು. ಇನ್ನು ಕೆಟ್ಟ ಡಿಸ್ಕು ಎಂದು ಚೀಲಕ್ಕೆ ಕೈ ಹಾಕಿದರೆ ಬಂದದ್ದು ಬರೀ ಕಾಲುಚೀಲ. ಡಿಸ್ಕು ಮನೆಯಲ್ಲೇ ಉಳಿದಿತ್ತು.

ಮನೆ ಕಡೆ ಹೊರಟವನು ದಾರಿಯಲ್ಲಿ ಬಿಸಿ ಬನಿತ್ಸಾದ ವಾಸನೆಗೆ ಸೋತು ಬೇಕರಿಯಲ್ಲಿ ಕೂತ. ಅವನು ಚೀಸು ತುಂಬಿದ ಆ ರೊಟ್ಟಿಯನ್ನು ಪದರ ಪದರವಾಗಿ ಬಿಡಿಸಿ ತಿನ್ನುತ್ತಿರುವಾಗ ಅಂಗಡಿಯಲ್ಲಿ ಪ್ರಿಂಟರು ಎದ್ದು ಆ ದಿನದ ಹಾಳೆಗಳನ್ನು ಹೊರಹಾಕಿತು. ಅಂಟಿಸುವ ಗಾಂಚೊ ಸೈಕಲ್ಲಿನಲ್ಲಿ ಬಂದು ಬಿದ್ದದ್ದನ್ನೆಲ್ಲ ಬಾಚಿಕೊಂಡು ಹೋದ. ಗಾಂಚೊ ವಿಳಾಸ ಮಾತ್ರ ಓದುತ್ತಾನೆ. ಮುಖ ನೋಡಿದರೆ ಕನಸಿಗೆ ಬರುತ್ತಾರೆ ಎಂದು ಅವನ ತಕರಾರು.

ಸ್ತಾಮೆನ್ ತನ್ನ ಬೀದಿಯ ಬಸ್‌ಸ್ಟಾಪಿಗೆ ಬಂದಾಗ ತನ್ನ ಮುಖ ತನ್ನನ್ನೇ ನೋಡುತ್ತಿತ್ತು. ಅಂಟು ಇನ್ನೂ ಹಸಿಯಾಗಿತ್ತು. ಅತ್ತಿತ್ತ ನೋಡಿ ಉಗುರು ಹಾಕಿ ಹಾಳೆಯನ್ನು ಕೀಳತೊಡಗಿದ. ಹಿಂದಿನಿಂದ ಕೊಡೆಯ ಒಂದು ಏಟು ಬೆನ್ನಿಗೆ ಬಿತ್ತು.

ಹೊಡೆದವಳು ಅವನ ಕೆಳಗಿನ ಮನೆಯ ತೋತ್ಕಾ ಅಜ್ಜಿ. ಊರಿನ ಯಾವ ಸಾವೂ ಅವಳ ಕಣ್ಣೀರಿಲ್ಲದೆ ಪೂರ್ತಿಯಾಗುತ್ತಿರಲಿಲ್ಲ.

“ಸತ್ತವರ ಹಾಳೆ ಹರೀತೀಯಾ? ನಿನ್ನ ಮನೇಲಿ ಯಾರೂ ಸಾಯೋದೇ ಇಲ್ವಾ?”

“ಅಜ್ಜಿ, ನಾನು ಸ್ತಾಮೆನ್. ಈ ಹಾಳೇಲಿರೋನು ನಾನೇ.”

ಅಜ್ಜಿ ಕನ್ನಡಕ ಏರಿಸಿ ಹಾಳೆ ನೋಡಿದಳು, ಅವನನ್ನು ನೋಡಿದಳು, ಮತ್ತೆ ಹಾಳೆ ನೋಡಿದಳು.

“ಇದರಲ್ಲೇ ಸ್ವಲ್ಪ ಗೆಲುವಾಗಿದ್ದೀಯಪ್ಪ,” ಎಂದಳು.

ಅವನು ಡಿಸ್ಕಿನ ಕತೆಯನ್ನೆಲ್ಲ ಹೇಳಿದ. ಅಜ್ಜಿ ಪೂರ್ತಿ ಕೇಳಿದಳು, ಆದರೆ ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಹಾಳೆ ನೋಡಿದ ಕೂಡಲೇ ಅವಳು ಮನೆಗೆ ಓಡಿ, ಸತ್ತವರ ಹೆಸರಿನಲ್ಲಿ ಹಂಚುವ ಗೋಧಿಯನ್ನು ಒಲೆಯ ಮೇಲಿಟ್ಟು, ಮೇಲೆ ಉದುರಿಸುವ ಸಕ್ಕರೆ ಪುಡಿ ತರಲು ಹೊರಟಿದ್ದಳು. ಈಗ ಅಷ್ಟು ಗೋಧಿಯನ್ನು ಏನು ಮಾಡಲಿ, ದುಃಖತಪ್ತರು ನೆರೆಹೊರೆಯವರು ಎಂದು ಅಚ್ಚಾಗಿರುವಾಗ ಸುಮ್ಮನಿದ್ದರೆ ನಮ್ಮ ಮರ್ಯಾದೆ ಏನಾಗಬೇಕು ಎಂದು ಅವನನ್ನೇ ಕೇಳಿದಳು. ಕ್ಷಮಿಸಿ ಎಂದ.

ಕಟ್ಟಡದ ಬಾಗಿಲಿಗೆ ಆಗಲೇ ಸಾವಿನ ಗುರುತಿನ ಕಪ್ಪು ರಿಬ್ಬನ್ ಬಂದಿತ್ತು. ಕಟ್ಟುತ್ತಿದ್ದವರು ಕಟ್ಟಡದ ಉಸ್ತುವಾರಿಯ ಮಿತ್ಯೊ ಅಣ್ಣ. ಸ್ತಾಮೆನ್‌ನನ್ನು ಕಂಡು ಅವರು ಏಣಿಯಿಂದ ಬೀಳುವುದರಲ್ಲಿದ್ದರು. ಆಮೇಲೆ ಸಾವರಿಸಿಕೊಂಡು, ಬದುಕಿದ್ದೀಯಲ್ಲ, ಒಳ್ಳೇದಾಯ್ತು ಎಂದು ಭುಜ ತಟ್ಟಿದರು. ತಟ್ಟಿದ ಕೈಯಲ್ಲಿ ಎಲೆಕೋಸಿನ ವಾಸನೆಯಿತ್ತು.

ಸ್ತಾಮೆನ್‌ಗೆ ಅನುಮಾನ ಬಂತು. ನೆಲಮಾಳಿಗೆಗೆ ಇಳಿದು ನೋಡಿದರೆ ಅವನ ಪಾಲಿನ ಗೂಡಿನಲ್ಲಿ ಮಿತ್ಯೊ ಅಣ್ಣನ ದೊಡ್ಡ ಪೀಪಾಯಿ ಕೂತಿತ್ತು. ಚಳಿಗಾಲಕ್ಕೆಂದು ಇಡಿ ಇಡಿ ಎಲೆಕೋಸು ತುಂಬಿ ಉಪ್ಪುನೀರು ಹಾಕಿಯಾಗಿತ್ತು. ಅವನ ಸಾಮಾನೆಲ್ಲ ಮೂಲೆ ಸೇರಿತ್ತು.

“ಅಣ್ಣ, ನಾನು ಸತ್ತು ಒಂದು ಗಂಟೆ ಆಗಿಲ್ಲ.”

“ಅದಕ್ಕೇನು ಮಾಡೋದಪ್ಪ, ಖಾಲಿ ಇಟ್ರೆ ಮೂರನೇ ಮಹಡಿಯವರು ನುಗ್ತಿದ್ರು. ಈಗ ಉಪ್ಪುನೀರು ಬಿದ್ದಮೇಲೆ ಅಲ್ಲಾಡಿಸೋ ಹಾಗಿಲ್ಲ. ಕೋಸು ಕೆಡುತ್ತೆ. ಬೇಸಿಗೆ ಬರ್ಲಿ, ನೋಡೋಣ.”

ಸ್ತಾಮೆನ್ ವಾದ ಮಾಡದೆ ಮೆಟ್ಟಿಲು ಹತ್ತಿದ. ಎರಡನೇ ಮಹಡಿಯಲ್ಲಿ ಇಬ್ಬರು ಹೆಂಗಸರು ಬಾಗಿಲ ಬಳಿ ಮಾತಾಡುತ್ತಿದ್ದರು. ಕಂಡರೆ ಹೆದರಿಯಾರೆಂದು ಅವನು ತಿರುವಿನಲ್ಲೇ ನಿಂತ. ಪಾಪ, ಯಾರಿಗೂ ತೊಂದರೆ ಕೊಟ್ಟವನಲ್ಲ ಎಂದಳು ಒಬ್ಬಳು. ಹೌದು ಎಂದಳು ಇನ್ನೊಬ್ಬಳು. ಬಳಿಕ ಇಬ್ಬರೂ ಇನ್ನೇನು ಹೇಳಬಹುದೆಂದು ಯೋಚಿಸುತ್ತ ಬಹಳ ಹೊತ್ತು ನಿಂತರು. ಏನೂ ಸಿಗದೆ ಲಿಫ್ಟ್ ಕೆಟ್ಟಿರುವ ವಿಷಯಕ್ಕೆ ಹೋದರು. ಬೈದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಡಿಸ್ಕು ತೆಗೆದುಕೊಂಡು ಅಂಗಡಿಗೆ ಬರುವಷ್ಟರಲ್ಲಿ ವೆನೆತಾ ಅವರು ಕಿಡಿಕಿಡಿಯಾಗಿದ್ದರು. ಊರಿನವರು ಫೋನು ಮಾಡಿ ಹೂವು ಎಲ್ಲಿಗೆ ಕಳಿಸಬೇಕೆಂದು ಕೇಳುತ್ತಿದ್ದರಂತೆ. ನಾಯ್ದೆನ್ ಪಕ್ಕದಲ್ಲೇ ಕೂತು ಕುರ್ಚಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಸ್ತಾಮೆನ್ ಮೊದಲು ಕಂಪ್ಯೂಟರಿನ ಮುಂದೆ ಬಗ್ಗಿ ಸತ್ತವರ ಸಾಲಿನಿಂದ ತನ್ನನ್ನು ಅಳಿಸಿದ. ಅಳಿಸುವುದು ಸುಲಭವಲ್ಲ. ಸತ್ತವರನ್ನು ಯಾರೂ ಅಕಸ್ಮಾತ್ ಕಳೆಯಬಾರದೆಂದು ಅವನೇ ಅದಕ್ಕೆ ಸುತ್ತುಬಳಸಿನ ದಾರಿ ಮಾಡಿಟ್ಟಿದ್ದ. ಆ ದಾರಿ ಊರಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಆಮೇಲೆ ಕಾಲುಚೀಲ ಬಿಚ್ಚಿ ಕೆಟ್ಟ ಡಿಸ್ಕನ್ನು ಜೋಡಿಸಿದ. ಮೂವರೂ ಪರದೆಯ ಮುಂದೆ ಉಸಿರು ಬಿಗಿಹಿಡಿದು ನಿಂತರು. ಬ್ಯಾಕಪ್ ಶುರುವಾಯಿತು. ಸಾಗಿತು. ಅರ್ಧಕ್ಕೆ ಬಂತು. ಡಿಸ್ಕು ಸುಮ್ಮನೆ ಬರೆಯುತ್ತಲೇ ಇತ್ತು. ಇಷ್ಟು ವರ್ಷ ಕೆಟ್ಟಿದ್ದು ಇವತ್ತೇ ಸರಿಹೋಗಿಬಿಟ್ಟರೆ ತನ್ನ ಗತಿಯೇನು ಎಂದು ಸ್ತಾಮೆನ್ ಅದನ್ನೇ ದಿಟ್ಟಿಸಿದ. ನಾಯ್ದೆನ್ ಕೆಮ್ಮಿದ. ಅವನ ಹಿಂದೆಯೇ ಡಿಸ್ಕೂ ಕೆಮ್ಮಿತು. ಟಕ್. ಟಕ್ ಟಕ್.

ಪರದೆ ಕೆಂಪಾಯಿತು. ಡಿಸ್ಕಿಗೆ ಬರೆಯಲಾಗುತ್ತಿಲ್ಲ, ಈ ಬ್ಯಾಕಪ್ ಪೂರ್ತಿಯಾಗಿಲ್ಲ, ಇದನ್ನು ನಂಬಬೇಡಿ, ಹಿಂದಿನ ಸರಿಯಾದ ಬ್ಯಾಕಪ್ ಹಾಗೇ ಇದೆ ಎಂದು ದೊಡ್ಡ ಅಕ್ಷರದಲ್ಲಿ ಬಂತು. ಸುಳ್ಳಿಲ್ಲ, ಮುಚ್ಚುಮರೆಯಿಲ್ಲ. ಸ್ತಾಮೆನ್‌ಗೆ ಕುಣಿಯಬೇಕೆನಿಸಿತು.

ವೆನೆತಾ ಅವರಿಗೆ ಅಷ್ಟು ಸಾಲಲಿಲ್ಲ. ಹಿಂದಿನದು ಹಾಗೇ ಇದೆ ಎಂದು ಅದು ಹೇಳಿದರೆ ಆಯಿತೇ, ತೆಗೆದು ತೋರಿಸು ಎಂದರು. ಅವನು ಹುರುಪಿನಲ್ಲಿ ಒಳ್ಳೆಯ ಡಿಸ್ಕು ಜೋಡಿಸಿ, ಇದ್ದ ಡೇಟಾಬೇಸನ್ನು ಬದಿಗೆ ಸರಿಸಿ, ಬೆಳಿಗ್ಗೆಯ ಬ್ಯಾಕಪ್ಪಿನಿಂದ ಎಲ್ಲವನ್ನೂ ವಾಪಸ್ ತಂದ. ಊರಿನ ಸತ್ತವರೆಲ್ಲ ಒಬ್ಬೊಬ್ಬರಾಗಿ ಪರದೆಗೆ ಮರಳಿದರು. ವೆನೆತಾ ಅವರ ಗಂಡನೂ ಬಂದ, ಮೀಸೆ ತಿರುವಿಕೊಂಡು, ಕೈಯಲ್ಲಿ ಮೀನು ಹಿಡಿದುಕೊಂಡು. ಅವರು ಪರದೆಯ ಗಾಜನ್ನು ಬೆರಳಿನಿಂದ ಸವರಿ ಅತ್ತರು. ಸ್ತಾಮೆನ್ ತಾಯಿಯ ಮುಖ ನೋಡಿ ತಾನೂ ಕಣ್ಣೊರೆಸಿಕೊಂಡ. ಆ ದಿನದಲ್ಲಿ ಅವನಿಗೆ ನಿಜವಾಗಿ ಸಂತೋಷವಾದದ್ದು ಆ ಗಳಿಗೆಯಲ್ಲಿ ಮಾತ್ರ.

ವೆನೆತಾ ಅವರು ಮೂಗೊರೆಸಿಕೊಂಡು, ಇನ್ನು ಮುಂದೆ ಡಿಸ್ಕು ಕೆಟ್ಟರೆ ಅದೇ ಹೇಳುತ್ತದೆ ತಾನೇ ಎಂದು ಕೇಳಿದರು. ಹೇಳುತ್ತದೆ ಎಂದ. ಹಾಳೆಯೂ ತಾನಾಗಿ ಬರುತ್ತದೆ ತಾನೇ? ಬರುತ್ತದೆ ಎಂದ. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು.

“ನೀನು ತುಂಬಾ ಚೆನ್ನಾಗಿ ಮಾಡಿದ್ದೀಯ ಸ್ತಾಮೆನ್. ಹೀಗಿದ್ಮೇಲೆ ಕೆಂಪು ಬಂದ್ರೆ ನೋಡೋಕೆ ನಾಯ್ದೆನ್ ಸಾಕಲ್ವಾ,” ಎಂದರು ವೆನೆತಾ, ತಾಯಿಯಂತೆ.

ಹೆದರಿದ್ದು ಪರೀಕ್ಷೆ ಸೋತರೆ ಎಂದು. ಗೆದ್ದರೂ ಇದೇ ಗತಿ ಎಂದು ಅವನು ಎಣಿಸಿರಲಿಲ್ಲ. ಬೀಗದಕೈ ಮೇಜಿನ ಮೇಲಿಟ್ಟು, ಕೆಟ್ಟ ಡಿಸ್ಕನ್ನು ಕಾಲುಚೀಲದಲ್ಲಿ ಸುತ್ತಿಕೊಂಡು ಹೊರಟ. ಮಂಜು ಮತ್ತೆ ಇಳಿಯುತ್ತಿತ್ತು. ದಾರಿಯಲ್ಲಿ ಪರಿಚಯದವರು ಅವನನ್ನು ಕಂಡು ಶಿಲುಬೆಯ ಗುರುತು ಮಾಡಿಕೊಂಡು ಆಚೆ ಬದಿಗೆ ದಾಟಿದರು.

ತೋತ್ಕಾ ಅಜ್ಜಿ ಮೆಟ್ಟಿಲಲ್ಲಿ ಕಾಯುತ್ತಿದ್ದಳು. ಗೋಧಿ ಹಾಳಾಗಬಾರದೆಂದು ಇಡೀ ಕಟ್ಟಡಕ್ಕೆ ಹಂಚಿಯಾಗಿತ್ತು. ಒಂದು ಬಟ್ಟಲು ಅವನಿಗೂ ಉಳಿಸಿದ್ದಳು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತು ತನ್ನ ಆತ್ಮಕ್ಕೆಂದು ಬೇಯಿಸಿದ ಗೋಧಿಯನ್ನು ಚಮಚದಲ್ಲಿ ತಿಂದ. ಸಿಹಿ ಹದವಾಗಿತ್ತು. ಬೆಳಿಗ್ಗೆಯಿಂದ ಯಾರೂ ಅವನಿಗೆ ಅಷ್ಟು ಪ್ರೀತಿ ತೋರಿರಲಿಲ್ಲ.

“ಇವತ್ತು ಅವಸರದಲ್ಲಿ ವಾಲ್‌ನಟ್ ಹಾಕೋಕಾಗ್ಲಿಲ್ಲ,” ಎಂದಳು ಅಜ್ಜಿ. “ನಿನಗೆ ನಿಜವಾಗ್ಲೂ ಏನಾದ್ರೂ ಆದ್ರೆ ನಲವತ್ತನೇ ದಿನಕ್ಕೆ ಸರಿಯಾಗಿ ಮಾಡ್ತೀನಿ ಬಿಡು.”

ಚಮಚ ಬಾಯಿಯ ಹತ್ತಿರ ನಿಂತಿತು. ನಲವತ್ತನೇ ದಿನ. ಹಾಳೆ ತಾನಾಗಿ ಬರುತ್ತದೆ. ಅವನು ತನ್ನನ್ನು ಅಳಿಸಿದ್ದೇನೋ ನಿಜ, ಆದರೆ ಅಳಿಸಿದ್ದು ಮಧ್ಯಾಹ್ನ. ಆಮೇಲೆ ವಾಪಸ್ ತಂದು ಹಾಗೇ ಬಿಟ್ಟು ಬಂದದ್ದು ಬೆಳಿಗ್ಗೆಯ ಬ್ಯಾಕಪ್ಪು. ಅದರೊಳಗೆ ಅವನು ಸತ್ತು ಮಲಗಿದ್ದ, ಫೋಟೊ ಸಮೇತ, ನೆರೆಹೊರೆಯವರ ದುಃಖ ಸಮೇತ.

ಕೂಡಲೇ ವೆನೆತಾ ಅವರಿಗೆ ಫೋನು ಮಾಡಿದ. ಒಂದು ನಿಮಿಷ ಒಳಗೆ ಬಿಡಿ, ನನ್ನನ್ನು ಅಳಿಸಿ ಬಂದುಬಿಡುತ್ತೇನೆ ಎಂದು ಬೇಡಿಕೊಂಡ. ವೆನೆತಾ ಅವರು ಮರುಕದಿಂದಲೇ ಕೇಳಿದರು. ಕೆಲಸ ಹೋದ ಸಿಟ್ಟಿನಲ್ಲಿ ಯಾರು ಏನು ಅಳಿಸಿಯಾರೆಂದು ಹೇಳಲಾಗುವುದಿಲ್ಲ, ನನ್ನ ಗಂಡನೂ ಅದರಲ್ಲಿದ್ದಾನೆ ಎಂದರು. ಹಾಗಾದರೆ ದಾರಿ ಹೇಳಿಕೊಡುತ್ತೇನೆ, ನಾಯ್ದೆನ್ನೇ ಅಳಿಸಲಿ ಎಂದ. ಅತ್ತ ಕಡೆ ಪಿಸುಮಾತು ನಡೆಯಿತು.

“ನಾಯ್ದೆನ್ ಅದನ್ನ ಮುಟ್ಟೋಕೇ ಹೆದರ್ತಾನಪ್ಪ. ನಿನ್ನದೊಂದು ಅಳಿಸೋಕೆ ಹೋಗಿ ಇನ್ಯಾರದೋ ಹೋದ್ರೆ?” ಎಂದರು ವೆನೆತಾ. “ಹೋಗ್ಲಿ ಬಿಡು. ಈ ಪ್ರೋಗ್ರಾಂ ಒಬ್ಬರನ್ನೂ ಕಳೆಯಲ್ಲ ಅಂತ ನೀನೇ ತೋರಿಸಿಕೊಟ್ಟೆಯಲ್ಲ.”

ಫೋನು ಇಟ್ಟರು. ಸ್ತಾಮೆನ್ ಉಳಿದ ಗೋಧಿ ತಿಂದು, ಬಟ್ಟಲನ್ನು ಅಜ್ಜಿಗೆ ಕೊಟ್ಟು, ನಲವತ್ತನೇ ದಿನಕ್ಕೆ ವಾಲ್‌ನಟ್ ಸ್ವಲ್ಪ ಜಾಸ್ತಿಯೇ ಹಾಕಿ ಎಂದ.